ಹನುಮವ್ವನ ಮೊಳ

ಬೊರಿವಲಿ ಸ್ಟೇಷನ್ನಿನಲ್ಲಿ ದೀಪಗಳು ಇನ್ನೂ ಆರಿಲ್ಲ. ಇಲ್ಲಿಂದಲೇ ಹೊರಡುವ ಸ್ಲೋ ಲೋಕಲ್ ಖಾಲಿಯಾಗಿ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಅದು ನಿಲ್ಲುವ ಮೊದಲೇ ಹೆಂಗಸರು ಹತ್ತಿ ಕಿಟಕಿಯ ಸೀಟು ಹಿಡಿಯುತ್ತಾರೆ. ಹನುಮವ್ವ ಹಾಗೆ ಹತ್ತುವುದಿಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಮಾಲಿನ ಗಂಟನ್ನು ಲೇಡೀಸ್ ಬೋಗಿಯ ಒಳಕ್ಕೆ ತಳ್ಳುತ್ತಾರೆ. ಬಲಗೈಯಲ್ಲಿ ಕಂಬ ಹಿಡಿದು ಹತ್ತುತ್ತಾರೆ. ಎಡಗೈ ಸೆರಗಿನೊಳಗೆ ಇರುತ್ತದೆ. ಬಾಗಿಲಿನ ಚೌಕಟ್ಟನ್ನು ಮುಟ್ಟುವುದಿಲ್ಲ.

ಎರಡು ಸಾಲು ಸೀಟುಗಳ ನಡುವೆ ಗಂಟು ಬಿಚ್ಚಿಕೊಳ್ಳುತ್ತದೆ. ಗಣಪತಿ ಹಬ್ಬ ಮುಗಿದಿದೆ, ಹಸಿರು ಜರಿಯಂಚಿನ ಕಾಲ ಹೋಗಿದೆ. ಈಗ ನವರಾತ್ರಿಯ ಮಾಲು: ಉಣ್ಣೆಯ ಗೊಂಡೆ ಕಟ್ಟಿದ ಲೇಸು, ಕನ್ನಡಿ ಪಟ್ಟಿ, ಕವಡೆ ಪಟ್ಟಿ, ಕುಪ್ಪಸದ ಬೆನ್ನಿಗೆ ಇಳಿಬಿಡುವ ಲಟಕನ್ನುಗಳು. ಅವುಗಳ ಕೆಳಗೆ ಮಡಚಿಟ್ಟ ಬಟ್ಟೆಯ ತುಂಡುಗಳು. ಬಾಂಧಣಿ ಛಾಪಿನ ರೇಯಾನ್, ಕಡುನೀಲಿ ಕಾಟನ್, ಅಸ್ತರಿಗೆ ಹಾಕುವ ತೆಳು ಬಟ್ಟೆ. ಈ ವರ್ಷ ಹೊಸದಾಗಿ ಬಂದದ್ದು ಗಾಜಿನ ಬದಲು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ ಕನ್ನಡಿ ಪಟ್ಟಿ. ಬಿದ್ದರೆ ಒಡೆಯುವುದಿಲ್ಲ, ಬೆಲೆಯೂ ಕಡಿಮೆ. ಕೊಳ್ಳುವವರಿಗೆಲ್ಲ, ಅವರು ಕೇಳದಿದ್ದರೂ, ಹನುಮವ್ವ ಒಂದು ಮಾತು ಹೇಳುತ್ತಾರೆ: "ಇದಕ್ಕ ಇಸ್ತ್ರಿ ಮುಟ್ಟಿಸಬ್ಯಾಡ್ರಿ. ಕರಗತದ."

ಕೊಳ್ಳುವವರು ದರ್ಜಿಗಳಲ್ಲ. ಆಫೀಸಿಗೆ, ಶಾಲೆಗೆ, ಅಂಗಡಿಗೆ ಕೆಲಸಕ್ಕೆ ಹೋಗುವ ಹೆಂಗಸರು. ಮನೆಯ ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರು. ಮಗಳಿಗೆ, ಅಕ್ಕಪಕ್ಕದವರಿಗೆ, ಹಬ್ಬ ಬಂದರೆ ಬಿಲ್ಡಿಂಗಿನವರಿಗೆಲ್ಲ ಹೊಲಿಯುವವರು. ಕೆಲವರು ಗಾಡಿಯಲ್ಲೇ ಸೂಜಿ ಹಿಡಿದು ಕೂತಿರುತ್ತಾರೆ. ಭೂಲೇಶ್ವರದ ಸಗಟು ಗಲ್ಲಿಗಳಿಗೆ ಹೋಗಲು ಇವರಿಗೆ ಬಿಡುವಿಲ್ಲ. ಆದ್ದರಿಂದ ಭೂಲೇಶ್ವರ ಇವರ ಹತ್ತಿರ ಬರುತ್ತದೆ, ಹನುಮವ್ವನ ತಲೆಯ ಮೇಲೆ.

"ಮಾವ್ಶಿ, ಹೇ ಕಸಂ ದಿಲಂ?" ಎಂದು ಒಬ್ಬ ಹುಡುಗಿ ಗೊಂಡೆ ಲೇಸಿನ ಬೆಲೆ ಕೇಳುತ್ತಾಳೆ. ಹನುಮವ್ವ ಹೇಳುತ್ತಾರೆ. ಹುಡುಗಿ ಮೂಗು ಮುರಿದು, ಚೌಕಾಸಿ ಮಾಡಿ ಒಪ್ಪುತ್ತಾಳೆ. "ಪಾಂಚ್ ಹಾತ್ ದೇ ದೋ. ಲೇಕಿನ್ ಟೇಪ್ ಸೇ."

ಐದು ಮೊಳ ಬೇಕು, ಆದರೆ ಟೇಪಿನಲ್ಲಿ ಅಳೆದು. ಹನುಮವ್ವ ಸೊಂಟದ ಚೀಲದಿಂದ ಹಳದಿ ಟೇಪು ತೆಗೆಯುತ್ತಾರೆ. ಗಾಡಿ ಕುಲುಕುತ್ತದೆ. ಒಂದು ಕೈಗೆ ಟೇಪು, ಒಂದು ಕೈಗೆ ಲೇಸು, ಕಂಬ ಹಿಡಿಯಲು ಕೈಯಿಲ್ಲ. ಸೀಟಿನ ಅಂಚಿಗೆ ಮಂಡಿ ಒತ್ತಿಕೊಂಡು ಅಳೆಯುತ್ತಾರೆ. ಆಗ ಎಡಗೈ ಹೊರಗೆ ಬರುತ್ತದೆ. ನಡುಬೆರಳಿನ ತುದಿಯ ಗೆಣ್ಣು ಇಲ್ಲ.

"ಏ ಸಾಡೇನವ್ ಮಾವ್ಶಿ, ಜರಾ ಸರಕೋ!" ಕ್ಲಿಪ್ಪು, ಕಿವಿಯೋಲೆಗಳ ಹಲಗೆ ಹಿಡಿದ ಸಪ್ನಾ ಆಕಡೆಯಿಂದ ನುಗ್ಗುತ್ತಾಳೆ. ಸಾಡೇನವ್ ಎಂದರೆ ಒಂಬತ್ತೂವರೆ. ಹನುಮವ್ವನ ಕೈಬೆರಳುಗಳ ಲೆಕ್ಕ ಅದು. ಕೆಲವರು ನಗುತ್ತಾರೆ. ಹನುಮವ್ವ ಗಂಟನ್ನು ಸರಿಸಿ ಜಾಗ ಬಿಡುತ್ತಾರೆ. "ಹೋಗವ್ವ ಮಹಾರಾಣಿ, ನಿನಗ ಹತ್ತೂ ಅದಾವ" ಎನ್ನುತ್ತಾರೆ ಕನ್ನಡದಲ್ಲಿ. ಸಪ್ನಾಳಿಗೆ ಅರ್ಥವಾಗುವುದಿಲ್ಲ. ಅವಳ ಕೊರಳಲ್ಲೂ ಒಂದು ಟೇಪು ನೇತಾಡುತ್ತಿದೆ. ಕಳೆದ ದೀಪಾವಳಿಯಿಂದ ಅವಳೂ ಲೇಸು ಇಟ್ಟಿದ್ದಾಳೆ.

ಹನುಮವ್ವ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಮದುವೆಯಾಗಿ ದಹಿಸರ್ ಪೂರ್ವದ ಒಂದು ಚಾಳಿಗೆ ಬಂದರು. ಗಂಡ ಶಾಂತಪ್ಪ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು. ಗೋರೆಗಾಂವ್‌ನಲ್ಲಿ ಒಂದು ಬಿಲ್ಡಿಂಗ್ ಏಳುತ್ತಿದ್ದಾಗ ಮೇಲಿನಿಂದ ಬಿದ್ದು ತೀರಿಕೊಂಡರು. ಮಗಳು ವೈಶಾಲಿ ಆಗ ತೊಟ್ಟಿಲಲ್ಲಿದ್ದಳು.

"ಅವರ ಊಟದ ಡಬ್ಬಿ ಯಾರೋ ತಂದು ಕೊಟ್ರು" ಎನ್ನುತ್ತಾರೆ ಹನುಮವ್ವ. "ಉಂಡಿದ್ದಿಲ್ಲ. ಹಂಗ ಇತ್ತು." ಅಷ್ಟೇ.

ಅದೇ ಚಾಳಿನ ಚಂದ್ರವ್ವ ಎಂಬ ಹಿರಿಯ ಹೆಂಗಸು ಲೋಕಲಿನಲ್ಲಿ ಲೇಸು ಮಾರುತ್ತಿದ್ದರು. ಅವರೇ ಹನುಮವ್ವನನ್ನು ಈ ದಾರಿಗೆ ತಂದದ್ದು. ಯಾವ ಗಲ್ಲಿಯಲ್ಲಿ ಯಾವ ಮಾಲು, ಯಾವ ಸ್ಟೇಷನ್ನಿನ ನಂತರ ಬೋಗಿ ತುಂಬುತ್ತದೆ, ಪೊಲೀಸರು ಬಂದರೆ ಎಲ್ಲಿ ಇಳಿಯಬೇಕು ಎಂದೆಲ್ಲ ಕಲಿಸಿದರು. ಗಾಡಿಯಲ್ಲಿ ಮಾರುವುದು ಕಾನೂನಿಗೆ ವಿರುದ್ಧ ಎಂದು ಹನುಮವ್ವನಿಗೆ ಗೊತ್ತಿದೆ. ದಂಡ ಕಟ್ಟಿದ್ದಾರೆ. ಒಮ್ಮೆ ಮಾಲೂ ಹೋಗಿದೆ. "ಅವರ ಕೆಲಸ ಅವರು ಮಾಡ್ತಾರ. ನನ್ನ ಕೆಲಸ ನಾ ಮಾಡ್ತೀನಿ."

ಚಂದ್ರವ್ವ ಕಲಿಸಿದ್ದರಲ್ಲಿ ದೊಡ್ಡದು ಮೊಳ. ಓಡುವ ಗಾಡಿಯಲ್ಲಿ ಮೀಟರ್ ಕಡ್ಡಿ ಹಿಡಿಯಲು ಜಾಗವಿಲ್ಲ. ಲೇಸಿನ ತುದಿಯನ್ನು ಎಡ ಮೊಣಕೈಗೆ ಒತ್ತಿ, ಬಲಗೈಯಿಂದ ನಡುಬೆರಳಿನ ತುದಿಗೆ ಎಳೆದು, ಅಲ್ಲಿಂದ ತಿರುಗಿಸಿ ಮತ್ತೆ ಮೊಣಕೈಗೆ. ಒಂದು ಕಡೆ ಹೋದರೆ ಒಂದು ಮೊಳ, ತಿರುಗಿ ಬಂದರೆ ಎರಡು. ಕೊನೆಗೆ ನಾಲ್ಕು ಬೆರಳಿನಷ್ಟು ಕೊಸರು ಬಿಟ್ಟು ಕತ್ತರಿ. ಒಬ್ಬೊಬ್ಬರ ಕೈ ಒಂದೊಂದು ಉದ್ದ. ಆದರೆ ದಿನಾ ಅದೇ ಗಾಡಿಯಲ್ಲಿ ಹೋಗುವವರಿಗೆ ಹನುಮವ್ವನ ಕೈ ಎಷ್ಟುದ್ದ ಎಂಬುದು ತಮ್ಮ ಮನೆಯ ಬಾಗಿಲಿನ ಅಳತೆಯಷ್ಟೇ ಗೊತ್ತು.

ಕಾಂದಿವಲಿಯಲ್ಲಿ ಹತ್ತುವ ಪ್ರಫುಲ್ಲಾ ಬ್ಯಾಂಕಿನ ಕೆಲಸದವರು, ಉಡುಪಿ ಕಡೆಯವರು. "ದಿಂಬಿನ ಚೀಲದ ಸುತ್ತ ಇವರ ಐದು ಮೊಳ. ಮಗುವಿನ ಫ್ರಾಕಿನ ಘೇರಿಗೆ ನಾಲ್ಕು. ನನಗೆ ಸೆಂಟಿಮೀಟರ್ ಲೆಕ್ಕ ಬರುವುದಿಲ್ಲ ಮಾರಾಯ್ರೆ, ಹನುಮವ್ವನ ಲೆಕ್ಕ ಬರ್ತದೆ" ಎನ್ನುತ್ತಾರೆ.

ಈ ವ್ಯಾಪಾರಕ್ಕೆ ತನ್ನದೇ ಋತುಗಳಿವೆ. ಬೇಸಿಗೆಯಲ್ಲಿ ಬಿಳಿ ನೂಲಿನ ಕ್ರೋಶೆ ಲೇಸು, ಮಲ್‌ಮಲ್ ತುಂಡು. ಶ್ರಾವಣಕ್ಕೆ ಪೈಠಣಿ ಅಂಚು. ಗಣಪತಿಗೆ ಹೊಳೆಯುವ ಗೋಟಾ ಪಟ್ಟಿ ಮತ್ತು ಜರಿ, ಮಂಟಪಕ್ಕೂ ಅದೇ, ಕುಪ್ಪಸಕ್ಕೂ ಅದೇ. ನವರಾತ್ರಿಗೆ ಕನ್ನಡಿ. ದೀಪಾವಳಿಯ ಆಚೆ ಮದುವೆಗಳ ಮುತ್ತಿನ ಪಟ್ಟಿ. ಪ್ರತಿ ಸಲವೂ ಮಾಲು ಬದಲು, ಬಣ್ಣ ಬದಲು. ಹೋದ ವರ್ಷದ ಕೆಂಪು ಈ ವರ್ಷದ ಕೆಂಪಲ್ಲ. ಒಂದು ಲಾಟು ಮುಗಿದರೆ ಆ ಬಣ್ಣ ಮತ್ತೆ ಬರುವುದಿಲ್ಲ. ಹಬ್ಬ ದಾಟಿ ಉಳಿದ ಲೇಸನ್ನು ಸಗಟಿನವರು ವಾಪಸು ತೆಗೆದುಕೊಳ್ಳುವುದಿಲ್ಲ.

ಇದೆಲ್ಲ ಹೇಳಬೇಕಾದದ್ದು ಮುಂದೆ ನಡೆದದ್ದು ತಿಳಿಯಲೆಂದು.

ಹೋದ ವರ್ಷ ಆಷಾಢದ ಮಳೆಯಲ್ಲಿ ಎರಚಲು ಒಳಗೆ ಬರುತ್ತದೆಂದು ಹೆಂಗಸರು ಬೋಗಿಯ ಬಾಗಿಲನ್ನು ಅರ್ಧ ಎಳೆದಿದ್ದರು. ಹನುಮವ್ವ ಬಾಗಿಲ ಬಳಿ ನಿಂತಿದ್ದರು, ಎಡಗೈ ಚೌಕಟ್ಟಿನ ಮೇಲೆ. ಕಾಂದಿವಲಿ ದಾಟಿದ ಮೇಲೆ ಗಾಡಿಗೆ ಬ್ರೇಕು ಬಿತ್ತು. ಕಬ್ಬಿಣದ ಬಾಗಿಲು ತಾನಾಗಿ ಜಾರಿ ಬಂದು ಬಡಿಯಿತು.

"ನೋವು ಆಮ್ಯಾಲ ಬಂತ್ರಿ. ಮೊದಲ ನಾ ನೋಡಿದ್ದು ಲೇಸಿನ ಉಂಡಿ. ಉರುಳಿ ಸೀಟಿನ ಬುಡಕ್ಕ ಹೋತು. ಅದು ರಾಡಿ ಆಗತದಲ್ಲ ಅಂತ ಬಗ್ಗಿದ್ಯಾ. ಬಗ್ಗಿದಾಗ ರಕ್ತ ಕಂಡಿತು."

ಆಗ ಎದ್ದು ಬಂದವರು ನಾಗರತ್ನಾ. ಧಾರವಾಡದವರು. ಬೊರಿವಲಿಯಲ್ಲಿ ಮನೆ, ಗೋರೆಗಾಂವ್‌ನ ಒಂದು ಆಫೀಸಿನಲ್ಲಿ ಕೆಲಸ, ಸಂಜೆ ಮತ್ತು ರವಿವಾರ ಹೊಲಿಗೆ. ಹನುಮವ್ವನ ಹಳೆಯ ಗಿರಾಕಿ. ತಮ್ಮ ದುಪಟ್ಟಾ ತೆಗೆದು ಆ ಕೈಗೆ ಸುತ್ತಿದರು. ಮಲಾಡಿನಲ್ಲಿ ಜೊತೆಗೇ ಇಳಿದರು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಮುಗಿಯುವ ತನಕ ಕೂತರು. ಅಂದು ಆಫೀಸಿಗೆ ಹೋಗಲಿಲ್ಲ. ಬೆರಳಿನ ತುದಿ ಸಿಗಲಿಲ್ಲ.

ಶ್ರಾವಣ ಬಂದಿತ್ತು. ಹನುಮವ್ವ ಮನೆಯಲ್ಲಿ ಕೂರಲಿಲ್ಲ. ಗಾಯದ ಮೇಲೆ ದಪ್ಪ ಪಟ್ಟಿ ಕಟ್ಟಿಕೊಂಡೇ ಗಾಡಿ ಹತ್ತಿದರು, ಲೇಸು ಎಳೆದರು, ಅಳೆದರು, ಕತ್ತರಿಸಿದರು. ಯಾರಿಗೂ ಕಡಿಮೆ ಬೀಳಲಿಲ್ಲ. ಪಟ್ಟಿಯ ಗುಬಟು ಹೋದ ಗೆಣ್ಣಿನಷ್ಟೇ ಉದ್ದವಿತ್ತು. ಅದು ಅಂದು ಅವರಿಗೂ ಗೊತ್ತಿರಲಿಲ್ಲ, ಕೊಂಡವರಿಗೂ ಗೊತ್ತಿರಲಿಲ್ಲ.

ಗಣಪತಿಯ ಹೊತ್ತಿಗೆ ಪಟ್ಟಿ ಬಿಚ್ಚಿದರು.

"ಬಿಚ್ಚಿದ ಮ್ಯಾಲೂ ಬೆರಳು ಅದ ಅಂತನ ಅನಸ್ತಿತ್ರಿ. ತುದಿ ತುರಸ್ತಿತ್ತು. ಇಲ್ಲದ್ದು ಹ್ಯಾಂಗ ತುರಸ್ತದ? ಆದ್ರ ತುರಸ್ತಿತ್ತು. ನಾ ಹಂಗ ಮೊಳ ಹಾಕ್ಕೋತ ಹೋದ್ಯಾ."

ಆ ನವರಾತ್ರಿಗೆ ನಾಗರತ್ನಾಗೆ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ಅವರ ಬಿಲ್ಡಿಂಗಿನ ಎಂಟು ಹುಡುಗಿಯರಿಗೆ ಗರ್ಬಾದ ಘಾಗ್ರಾ, ಎಲ್ಲ ಒಂದೇ ಬಣ್ಣ, ಒಂದೇ ಕನ್ನಡಿ ಲೇಸು. ಎಂಟರಲ್ಲಿ ಒಬ್ಬಳು ಅವರ ಮಗಳು. ಒಂದು ಘಾಗ್ರಾದ ಘೇರಿಗೆ, ಅಂದರೆ ಕೆಳಗಿನ ಸುತ್ತಳತೆಗೆ, ಹನುಮವ್ವನ ಹನ್ನೆರಡು ಮೊಳ ಸರಿಯಾಗುತ್ತದೆ, ಕೊಸರು ಕೂಡಿಕೆಗೆ. ನಾಗರತ್ನಾ ಹಿಂದೆ ಎಷ್ಟೋ ಸಲ ಹಾಗೇ ಒಯ್ದಿದ್ದರು. ನಡುವೆ ಜೋಡಣೆ ಬರಬಾರದೆಂದು ಒಂದೊಂದು ಘಾಗ್ರಾಕ್ಕೂ ಒಂದೊಂದು ಅಖಂಡ ತುಂಡು ಕತ್ತರಿಸಿ ಕೊಡಲು ಹೇಳಿದರು. ಹನುಮವ್ವ ದಿನಕ್ಕೆ ಒಂದೆರಡರಂತೆ ಕೊಟ್ಟರು. ಆ ಲೇಸಿನ ಉಂಡೆ ಮುಗಿಯಿತು.

ಘೇರು ಜಾಸ್ತಿಯಿರುವ ಘಾಗ್ರಾ ಹೊಲಿದ ಕೂಡಲೇ ಲೇಸು ಹಚ್ಚುವುದಿಲ್ಲ. ಕೆಲವು ದಿನ ತೂಗುಹಾಕುತ್ತಾರೆ. ಬಟ್ಟೆ ತನ್ನ ಭಾರಕ್ಕೆ ಇಳಿಯುತ್ತದೆ. ಇಳಿದ ಅಂಚನ್ನು ಸಮ ಮಾಡಿ, ಕೊನೆಗೆ ಲೇಸು. ಹಾಗಾಗಿ ನಾಗರತ್ನಾ ಲೇಸಿನ ತುಂಡುಗಳನ್ನು ಬಿಚ್ಚಿ ನೋಡಿದ್ದು ನವರಾತ್ರಿಯ ಘಟಸ್ಥಾಪನೆ ಹತ್ತಿರ ಬಂದಾಗ. ಮೊದಲನೆಯ ಘಾಗ್ರಾದ ಸುತ್ತ ಹೊಲಿದು ಬಂದರು. ಶುರು ಮಾಡಿದ ಜಾಗ ಇನ್ನೂ ಒಂದು ಗೇಣು ದೂರವಿತ್ತು. ಎರಡನೆಯದೂ ಹಾಗೇ. ಎಂಟೂ ಹಾಗೇ.

ಮರುದಿನ ಬೆಳಿಗ್ಗೆ ಅವರು ಬೋಗಿಗೆ ಬಂದದ್ದು ಒಂದು ಚೀಲ ಮತ್ತು ಟೇಪು ಹಿಡಿದು.

"ಹನುಮವ್ವ, ಇದು ಎಷ್ಟು ಮೊಳ? ನೀನ ಹೇಳು."

ಹನುಮವ್ವ ಆ ತುಂಡನ್ನು ತೆಗೆದುಕೊಂಡು ಎಲ್ಲರ ಎದುರು ಕೈಗೆ ಹಾಕಿದರು. ಹನ್ನೆರಡು ಬಂತು. "ಹನ್ನೆರಡ ಅದಾವಲ್ರೀ ಅಕ್ಕಾರ, ಮ್ಯಾಲ ಕೊಸರು."

ನಾಗರತ್ನಾ ಟೇಪು ಹಿಡಿದರು. ಟೇಪು ಬೇರೆ ಹೇಳಿತು.

"ಇಷ್ಟು ವರ್ಷ ಒಮ್ಮೆಯರೆ ಅಳದು ನೋಡೀನೇನು ನಾನು? ಕಣ್ಣು ಮುಚ್ಚಿ ಒಯ್ದೆ. ಹಬ್ಬದ ಗಡಿಬಿಡಿಯೊಳಗ ಯಾರು ನೋಡ್ತಾರ ಅಂತ ಮೊಳಕ್ಕಿಷ್ಟು ಹೊಡೀಲಿಕ್ಕೆ ಹತ್ತಿದಿ?"

"ನನ್ನ ಕೈ ಸುಳ್ಳ ಹೇಳೂದಿಲ್ರೀ ಅಕ್ಕಾರ."

"ಕೈ ಅಲ್ಲ, ನೀನ ಸುಳ್ಳಿ. ಕಳ್ಳಿ!"

ಕನ್ನಡ ಬಾರದವರಿಗೂ ಕೊನೆಯ ಮಾತು ತಿಳಿಯಿತು. ತರಕಾರಿ ಸೋಸುತ್ತಿದ್ದವರು ನಿಲ್ಲಿಸಿದರು. ಹಿಂದಿನ ಸೀಟಿನಿಂದ ಒಬ್ಬಳು, "ಮೇರಾ ಭೀ ಕಮ್ ಆಯಾ ಥಾ" ಎಂದಳು. ಅವಳದೂ ಕಡಿಮೆ ಬಂದಿತ್ತಂತೆ. ಇನ್ನೊಬ್ಬಳು ಹೌದು ಹೌದು ಎಂದಳು. ಗಣಪತಿಯ ಗೋಟಾ ಕೊಂಡವರು, ದಿಂಬಿನ ಚೀಲದವರು, ಒಬ್ಬೊಬ್ಬರೇ ನೆನಪು ಮಾಡಿಕೊಂಡರು. ಹನುಮವ್ವ ಗಂಟು ಕಟ್ಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದರು.

ತಾನು ಕಡಿಮೆ ಕೊಟ್ಟಿಲ್ಲ ಎಂಬುದರಲ್ಲಿ ಅವರಿಗೆ ಆಗಲೂ ಅನುಮಾನವಿರಲಿಲ್ಲ. ಟೇಪಿನಲ್ಲೇ ಏನೋ ಮೋಸವಿದೆ ಎಂದು ಮನೆಯಲ್ಲಿ ಅಂದರು. ವೈಶಾಲಿ ಈಗ ಗೋರೆಗಾಂವ್‌ನ ಮಾಲ್ ಒಂದರ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಹುಡುಗಿ. ಅವಳ ಬಾಯಲ್ಲಿ ಕನ್ನಡಕ್ಕಿಂತ ಹಿಂದಿ ಹೆಚ್ಚು.

"ಅವ್ವಾ, ದೋನೋ ಹಾತ್ ಇಲ್ಲಿ ಇಡು" ಎಂದು ನೆಲದ ಮೇಲೆ ಎರಡೂ ಮೊಣಕೈ ಊರಿಸಿದಳು. ಅಂಗೈಗಳನ್ನು ಒಂದಕ್ಕೊಂದು ತಾಗಿಸಿದಳು. ಬಲಗೈಯ ನಡುಬೆರಳು ಒಂಟಿಯಾಗಿ ಮೇಲೆ ನಿಂತಿತ್ತು.

"ದೇಖೋ. ಇಷ್ಟು ಕಮ್ಮಿ."

ಮೊಳಕ್ಕೆ ಒಂದು ಗೆಣ್ಣು. ಹನ್ನೆರಡು ಮೊಳಕ್ಕೆ, ಕೊಸರು ಕಳೆದರೂ, ಒಂದು ಗೇಣು.

ಹನುಮವ್ವ ಹಾಗೆಯೇ ಕೈಗಳನ್ನು ಊರಿಕೊಂಡು ಕೂತಿದ್ದರಂತೆ. "ಅವತ್ತ ನನ್ನ ಬೆರಳು ಹೋತು ಅಂತ ಗೊತ್ತಾತ್ರಿ" ಎನ್ನುತ್ತಾರೆ.

ಮರುದಿನ ಗಾಡಿಗೆ ಹೋಗಲಿಲ್ಲ. ಮನೆಯಲ್ಲಿ ಉಳಿದಿದ್ದ ಆ ಲೇಸಿನ ಚೂರೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಭೂಲೇಶ್ವರಕ್ಕೆ ಹೋದರು. ಅಂಗಡಿ ಅಂಗಡಿ ತೋರಿಸಿದರು. ಆ ಲಾಟು ಮುಗಿದಿದೆ ಎಂದರು ಎಲ್ಲ ಕಡೆ. ಕೊನೆಗೆ ಒಂದು ಗಲ್ಲಿಯ ಒಳಗೆ ಸಿಕ್ಕಿತು, ಅದೇ ಕನ್ನಡಿ, ಅದೇ ಅಗಲ. ಟ್ಯೂಬ್‌ಲೈಟಿನ ಕೆಳಗೆ ಬಣ್ಣವೂ ಅದೇ. ಕೊಂಡು ಹೊರಗೆ ಬಂದು ಹಗಲಿಗೆ ಹಿಡಿದರೆ ಅದು ಕುಂಕುಮ, ಮೊದಲಿನದು ಇಟ್ಟಿಗೆ. ಆದರೂ ಬೊರಿವಲಿಗೆ ಒಯ್ದರು. ನಾಗರತ್ನಾರ ಮನೆ ಹುಡುಕಿ ಬಾಗಿಲು ಬಡಿದರು. ಬೆರಳಿನ ವಿಷಯ ಹೇಳಲು ಬಾಯಿ ತೆರೆದರು.

ನಾಗರತ್ನಾ ಲೇಸನ್ನು ಕಿಟಕಿಯ ಬಳಿ ಒಯ್ದು ಘಾಗ್ರಾದ ಪಕ್ಕ ಹಿಡಿದರು. ವಾಪಸು ತಂದು ಕೈಯಲ್ಲಿಟ್ಟರು. "ನೀನ ನೋಡು ಬೆಳಕಿನ್ಯಾಗ. ಹೋಗು ಹನುಮವ್ವ, ನನಗ ಕೆಲಸ ಅದ" ಎಂದು ಬಾಗಿಲು ಹಾಕಿಕೊಂಡರು.

ಎಂಟರಲ್ಲಿ ಒಂದು ತುಂಡನ್ನು ಚೂರು ಮಾಡಿ ಉಳಿದ ಏಳಕ್ಕೆ ತೇಪೆ ಹಾಕಿದರು ನಾಗರತ್ನಾ. ಎಂಟನೆಯ ಘಾಗ್ರಾ ಬೋಳಾಯಿತು. ಅದು ಅವರ ಮಗಳದು. ಅವಳು ಆ ವರ್ಷ ಗರ್ಬಾಕ್ಕೆ ಕೆಳಗೆ ಇಳಿಯಲಿಲ್ಲ. ತೇಪೆ ಕಂಡ ಬಿಲ್ಡಿಂಗಿನ ಹೆಂಗಸರು ಈ ವರ್ಷದ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆ.

ನಷ್ಟ ಒಂದೇ ಕಡೆ ಆಗಿಲ್ಲ. ಮೊದಲೆಲ್ಲ ಹಬ್ಬದ ಮುಂದೆ ಹನುಮವ್ವ ದಿನಕ್ಕೆ ನೂರೈವತ್ತು ಮೊಳ ಅಳೆದದ್ದುಂಟು. ಈಗ ಅದರ ಅರ್ಧ ಆದರೆ ಒಳ್ಳೆಯ ದಿನ. ಚಾಳಿನ ಮನೆಯ ಅಟ್ಟದ ಮೇಲೆ ಹೋದ ನವರಾತ್ರಿಯ ಗೊಂಡೆ, ಹೋದ ದೀಪಾವಳಿಯ ಗೋಟಾ ಮೂಟೆ ಕಟ್ಟಿ ಬಿದ್ದಿವೆ. ತೇವಕ್ಕೆ ಜರಿ ಕಪ್ಪಾಗುತ್ತಿದೆ. ಬಾಗಿಲು ಮುಚ್ಚಿಕೊಂಡು ಓಡುವ ಎಸಿ ಲೋಕಲ್‌ಗಳು ಹೆಚ್ಚುತ್ತಿವೆ. ಅವುಗಳಲ್ಲಿ ಗಂಟು ಬಿಚ್ಚುವುದು ಕಷ್ಟ. ಫೋನಿನಲ್ಲಿ ಬೆರಳು ಒತ್ತಿದರೆ ಲೇಸು ಮನೆಗೇ ಬರುತ್ತದೆ, ಮೀಟರಿನ ಲೆಕ್ಕದಲ್ಲಿ.

"ಬಸ್ ಕರ್ ನಾ ಅವ್ವಾ" ಎನ್ನುತ್ತಾಳೆ ವೈಶಾಲಿ. "ನಾನು ಕಮಾಯಿ ಮಾಡ್ತೀನಲ್ಲ. ಔರ್ ಜಾನಾ ಹೈ ತೋ ಟೇಪ್ ತಗೊಂಡು ಹೋಗು, ಕತಿ ಮುಗೀತು."

ಟೇಪು ತೆಗೆದುಕೊಂಡರು. ಕೇಳಿದವರಿಗೆ ಅದರಲ್ಲೇ ಅಳೆದು ಕೊಡುತ್ತಾರೆ. ಬಲಗೈಯ ಮೊಳದಲ್ಲಿ ಅಳೆಯಲೂ ನೋಡಿದರು. ಆಗ ಲೇಸನ್ನು ಎಳೆದು ಹಿಡಿಯುವ ಕೆಲಸ ಎಡಗೈಗೆ ಬರುತ್ತದೆ, ಮೊಂಡು ಬೆರಳಿನ ಸಂದಿಯಲ್ಲಿ ಲೇಸು ಜಾರುತ್ತದೆ. ಆದ್ದರಿಂದ ಹೋದ ದೀಪಾವಳಿ ಕಳೆದ ಮೇಲೆ ಒಂದು ದಿನ ಬೊರಿವಲಿ ಸ್ಟೇಷನ್ನಿನ ಹೊರಗೆ ಫುಟ್‌ಪಾತಿನಲ್ಲಿ ಹಚ್ಚೆಯ ಮಷೀನು ಇಟ್ಟುಕೊಂಡು ಕೂರುವವನ ಹತ್ತಿರ ಹೋದರು.

ಹನುಮವ್ವನ ಮುಂಗೈ ತುಂಬ ಹಸಿರು ಹಚ್ಚೆಯಿದೆ. ಊರಲ್ಲಿ ಚಿಕ್ಕವರಿದ್ದಾಗ ಹಾಕಿಸಿದ್ದು. ಅದನ್ನು ನೋಡಿ ಆತ ಖುಷಿಯಾದ. ನವಿಲು ಬಿಡಿಸಲೋ, ಮಗಳ ಹೆಸರು ಬರೆಯಲೋ ಎಂದು ಕೇಳಿದ. ಒಂದು ಚುಕ್ಕಿ ಸಾಕು ಎಂದರು ಹನುಮವ್ವ.

"ಏಕ್ ಡಾಟ್ ಕೇ ಲಿಯೇ ಕೌನ್ ಆತಾ ಹೈ, ಮಾ?" ಎಂದು ಆತ ನಕ್ಕ. ವೈಶಾಲಿ ಜೊತೆಗಿದ್ದಳು. ಎರಡೂ ಕೈಗಳನ್ನು ಮತ್ತೆ ಜೋಡಿಸಿ, ಟೇಪು ಹಿಡಿದು, ಎಡ ಮೊಣಕೈಯ ಗಂಟಿನಿಂದ ತೋಳಿನ ಕಡೆಗೆ, ಹೋದ ಗೆಣ್ಣಿನಷ್ಟು ದೂರ, ಪೆನ್ನಿನಲ್ಲಿ ಗುರುತು ಮಾಡಿದಳು. ಆತ ನಗು ನಿಲ್ಲಿಸಿ ಆ ಗುರುತಿನ ಮೇಲೆ ಸೂಜಿ ಇಟ್ಟ. ದುಡ್ಡು ಬೇಡ ಎಂದ. ಹನುಮವ್ವ ಕೊಟ್ಟೇ ಬಂದರು.

ಈಗ ಅವರ ಮೊಳ ಆ ಚುಕ್ಕಿಯಿಂದ ಶುರುವಾಗುತ್ತದೆ.

ಪ್ರಫುಲ್ಲಾ ಅದರಲ್ಲೇ ಕೊಳ್ಳುತ್ತಾರೆ. ಮೊದಲ ಸಲ ಮನೆಗೆ ಒಯ್ದು ದಿಂಬಿನ ಚೀಲಕ್ಕೆ ಸುತ್ತಿ ನೋಡಿದರಂತೆ. "ಸರಿ ಉಂಟು. ಮೊದಲಿನ ಹಾಗೇ ಉಂಟು. ಆದರೆ ಎಲ್ಲರಿಗೂ ಹೇಳ್ತಾ ಕೂರಲಿಕ್ಕೆ ಆಗ್ತದಾ? ಕೆಲವರು ಕೇಳ್ತಾರೆ, ಕೆಲವರು ನಗಾಡ್ತಾರೆ." ಹಳೆಯ ಗಿರಾಕಿಗಳಲ್ಲಿ ಬೆರಳೆಣಿಕೆಯಷ್ಟು ಜನ ಹೀಗೆ ಮರಳಿದ್ದಾರೆ. ಉಳಿದವರು ಟೇಪು ಕೇಳುತ್ತಾರೆ, ಇಲ್ಲವೇ ಸಪ್ನಾಳನ್ನು ಕರೆಯುತ್ತಾರೆ. ಹೊಸಬರಿಗೆ ಹಿಂದಿನದು ಗೊತ್ತಿಲ್ಲ. ಆದರೆ ಹೊಸಬರಿಗೆ ಯಾರಾದರೂ ಹೇಳುತ್ತಾರೆ. ಒಂದು ಬೋಗಿ ಎಂದರೆ ಒಂದು ಊರು.

ನಾಗರತ್ನಾ ಆ ಬೋಗಿಗೆ ಬರುವುದಿಲ್ಲ. ಅದೇ ಗಾಡಿಯ ಮುಂದಿನ ಲೇಡೀಸ್ ಬೋಗಿಯಲ್ಲಿ ಹೋಗುತ್ತಾರೆ. ಅವರ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿದೆ. ಆ ದಿನದ ಬಗ್ಗೆ ಕೇಳಿದರೆ ಹೀಗೆನ್ನುತ್ತಾರೆ:

"ಆ ಕೈಗೆ ದುಪಟ್ಟಾ ಕಟ್ಟಿದಾಕಿ ನಾನ. ಬೆರಳು ಹೋಗೇದ ಅಂತ ಎಲ್ಲಾರಕಿಂತ ಮೊದಲ ನನಗ ಗೊತ್ತಿತ್ತು. ಆದರೂ ಅವತ್ತು ತಲಿಗೆ ಹೊಳೀಲಿಲ್ಲ ನೋಡ್ರಿ. ಕಳ್ಳಿ ಅಂದುಬಿಟ್ಟೆ. ಆಮೇಲೆ ಪ್ರಫುಲ್ಲಾ ಅವರು ಎಲ್ಲಾ ಹೇಳಿದ್ರು. ಅಕಿ ಕಳ್ಳಿ ಅಲ್ಲ ಅಂತ ನನಗ ಗೊತ್ತದ."

ಹಾಗಾದರೆ ಆ ಬೋಗಿಗೆ ಹೋಗಿ ಹೇಳಬಹುದಲ್ಲ?

"ಏನಂತ ಹೇಳಲಿ? ನನ್ನ ಮಗಳು ಬಾಲ್ಕನಿಯೊಳಗ ನಿಂತು ಕೆಳಗ ನೋಡ್ತಿದ್ಲು, ಒಂಬತ್ತೂ ದಿನ. ಅದೂ ಖರೇನ ಅದ. ಹನುಮವ್ವನ ಮಾರಿ ನೋಡಿದ್ರ ಎರಡೂ ಒಮ್ಮೆ ನೆನಪಾಗ್ತದ. ನೀವು ಅಕಿಗೆ ಹೇಳ್ರಿ, ನನಗ ಗೊತ್ತದ ಅಂತ."

ಬೆಳಿಗ್ಗೆಯ ಗಾಡಿ ಈಗ ಗೋರೆಗಾಂವ್ ಮುಟ್ಟುತ್ತದೆ. ಇಲ್ಲಿಂದ ಮುಂದೆ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹನುಮವ್ವ ಗಂಟು ಕಟ್ಟಿ ಇಳಿಯುತ್ತಾರೆ, ವಾಪಸಿನ ಗಾಡಿಗಾಗಿ ಆಚೆಯ ಪ್ಲಾಟ್‌ಫಾರ್ಮಿಗೆ ಹೋಗಬೇಕು. ನಾಗರತ್ನಾ ಹೇಳಿ ಕಳಿಸಿದ ಮಾತನ್ನು ಇಲ್ಲಿ, ಬೆಂಚಿನ ಮೇಲೆ, ಅವರಿಗೆ ತಿಳಿಸಿದಾಗ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ನಾಗರತ್ನಾರ ಮಗಳು ಈ ಸಲವಾದರೂ ಗರ್ಬಾ ಆಡುತ್ತಾಳೇನು ಎಂದು ಕೇಳುತ್ತಾರೆ.

"ಅಕ್ಕಾರ ಮ್ಯಾಲ ನನಗ ಸಿಟ್ಟಿಲ್ರಿ" ಎನ್ನುತ್ತಾರೆ ಆಮೇಲೆ. "ಕಮ್ಮಿ ಕೊಟ್ಟಿದ್ದು ಖರೆ. ನನ್ನ ಕೈಲೆ ಆಗಿದ್ದು. ಆದ್ರ ಮನಿಯಾಗ ಕೂತು ಗೊತ್ತದ ಅಂದ್ರ ಸಾಲೂದಿಲ್ಲ. ಅಂದಿದ್ದು ಎಲ್ಲಾರ ಮುಂದ. ಅಳದು ನೋಡೂದೂ ಎಲ್ಲಾರ ಮುಂದ ಆಗಬೇಕು."

ನಾಗರತ್ನಾ ಬರುತ್ತಾರೆ ಎಂದು ಅನಿಸುತ್ತದೆಯೇ?

ಹನುಮವ್ವ ಗಂಟನ್ನು ತಲೆಗೇರಿಸಿಕೊಳ್ಳಲು ಏಳುತ್ತಾರೆ.

"ಕೊಳ್ಳೂದು ಬ್ಯಾಡ. ಮಾತಾಡೂದೂ ಬ್ಯಾಡ. ಟೇಪ್ ತಗೊಂಡು ಒಂದ ದಿನ ನಮ್ಮ ಡಬ್ಬಾ ಹತ್ತಲಿ. ಈ ಚುಕ್ಕಿಯಿಂದ ನಾ ಹಾಕಿದ ಒಂದ ಮೊಳ ಅಳೀಲಿ. ಎಳಿಯಷ್ಟು ಕಮ್ಮಿ ಬಿತ್ತಂದ್ರ ನಾಳಿಂದ ನಾ ಈ ಗಾಡಿ ಹತ್ತೂದಿಲ್ಲ."